ಅಷ್ಟಕ್ಕಷ್ಟ ಎಂಬ ಬಟನ್

ನಮ್ಮ ಮಾಮಾ ಮಾಡಿದ ಆ್ಯಪ್ ತೆರೆಯಬೇಕಾದರೆ ಮೊದಲು ನಿಮ್ಮ ಆರೋಗ್ಯ ನೆಟ್ಟಗಿರಬೇಕು. ತಮಾಷೆಯಲ್ಲ! ಹಿಟ್ಟಿನ ಗಿರಣಿಯದಿರಲಿ, ಬಾಡಿಗೆ ಟ್ರ್ಯಾಕ್ಟರಿನದಿರಲಿ, ಜಂಪರು ಹೊಲಿಯುವವರದಿರಲಿ, ತೆರೆದ ಕೂಡಲೇ ಪರದೆಯ ತುಂಬ ಒಂದೇ ಪ್ರಶ್ನೆ: 'ಅರಾಮ್ ಅದೀರಿ?' ಅದರ ಕೆಳಗೆ ಎರಡು ಬಟನ್. ಒಂದು 'ಅರಾಮ್', ಇನ್ನೊಂದು 'ಅಷ್ಟಕ್ಕಷ್ಟ'. ಉತ್ತರ ಕೊಡದಿದ್ದರೆ ಒಳಗೆ ಬಿಡುವುದಿಲ್ಲ. 'ಅರಾಮ್' ಒತ್ತಿದಿರೋ, ಬಚಾವಾದಿರಿ. 'ಅಷ್ಟಕ್ಕಷ್ಟ' ಒತ್ತಿದಿರೋ, ಬೆಟಗೇರಿಯ ಒಂದು ಖೋಲಿಯಲ್ಲಿ ಮಾಮಾನ ಫೋನು 'ಟಿಣ್' ಎನ್ನುತ್ತದೆ. ಮರುಗಳಿಗೆಯಲ್ಲಿ ಅವನೇ ನಿಮಗೆ ಫೋನ್ ಮಾಡುತ್ತಾನೆ. "ಯಾಕ್ರೀ, ಏನಾತು?" ಎಂದು ಕೇಳಿ ಆರಾಮಾಗಿ ಗೋಡೆಗೆ ಒರಗುತ್ತಾನೆ. ಮುಂದಿನದು ನಿಮ್ಮ ಹಣೆಬರಹ!

ನನ್ನ ಅವ್ವನ ತಮ್ಮನಾದ ಈ ಮಹಾಶಯ ಮೂಲದಲ್ಲಿ ಟೈಪಿಂಗ್ ಮಾಸ್ತರ. ಒಂದು ಕಾಲಕ್ಕೆ ಅವನ ಖೋಲಿಯಲ್ಲಿ ಹನ್ನೆರಡು ಮಷಿನ್ನುಗಳು ಏಕಕಾಲಕ್ಕೆ ಕುಟ್ಟುತ್ತಿದ್ದವು. ಆ ಗದ್ದಲದಲ್ಲಿ ಅವನ ಕಿವಿ ಅರ್ಧ ಮಂದವಾಗಿ, ಈಗ ಯಾರ ಫೋನ್ ಬಂದರೂ ಸ್ಪೀಕರಿನಲ್ಲಿಟ್ಟೇ ಮಾತು. ಮಷಿನ್ನುಗಳೆಲ್ಲ ಗುಜರಿಗೆ ಹೋದಮೇಲೆ, ಬೇರೆಯವರಾಗಿದ್ದರೆ ಕಿರಾಣಿ ಅಂಗಡಿ ಹಾಕುತ್ತಿದ್ದರು. ಮಾಮಾ ಐವತ್ತರ ಹೊಸ್ತಿಲಲ್ಲಿ ವಿಡಿಯೊ ನೋಡಿ ನೋಡಿ ಆ್ಯಪ್ ಮಾಡುವುದನ್ನು ಕಲಿತ!

ಕಲಿತನೇನೋ ಸರಿ, ಕೈ ಕಲಿಯಬೇಕಲ್ಲ? ಇವತ್ತಿಗೂ ಕೀಬೋರ್ಡನ್ನು ಅವನು ಕುಟ್ಟುವ ರಭಸಕ್ಕೆ ಅಕ್ಷರಗಳು ಕಿತ್ತು ಬರುತ್ತವೆ. ಸಾಲು ಮುಗಿದಾಗಲೆಲ್ಲ ಎಡಗೈ ತಾನಾಗಿ ಮೇಲೆದ್ದು, ಇಲ್ಲದ ಮಷಿನ್ನಿನ ಇಲ್ಲದ ಹಿಡಿಕೆಯನ್ನು ಝಾಡಿಸಿ ಬಲಕ್ಕೆ ತಳ್ಳುತ್ತದೆ. ಆ ಹಾದಿಯಲ್ಲಿ ಮಾಮಿ ತಂದಿಟ್ಟ ಚಹಾದ ಕಪ್ಪು ಇರುತ್ತದೆ. ದಿನಕ್ಕೊಮ್ಮೆಯಾದರೂ ಖೋಲಿಯ ನೆಲಕ್ಕೆ ಚಹಾದ ಅಭಿಷೇಕ.

"ಮಾಮಿ, ಕಪ್ಪು ಬಲಕ್ಕ ಇಡಬಾರದೇನ?" ಎಂದು ನಾನೊಮ್ಮೆ ಕೇಳಿದ್ದೆ.

"ಯಾಕ ಇಡಬೇಕು? ಮಷಿನ್ ಹೋಗಿ ಎಷ್ಟ್ ವರ್ಷಾತು! ಆ ಕೈಗೆ ಇನ್ನೂ ತಿಳೀಬಾರದೇನ? ತಿಳಿಯೋತನಕ ಎಡಕ್ಕ ಇಡಾಕಿ ನಾ."

ಅವಳೂ ಸಾಮಾನ್ಯದವಳಲ್ಲ ಬಿಡಿ.

ಈ 'ಅಷ್ಟಕ್ಕಷ್ಟ' ಬಟನ್ನಿನ ಮೇಲೆ ಮೊದಲ ತಕರಾರು ತಂದವರು ಗಿರಣಿಯ ಮಾಲಕರು. "ಮಾಸ್ತರ, ಹಿಟ್ಟು ತಯಾರಾತೋ ಇಲ್ಲೋ ಮಂದಿಗೆ ತಿಳೀಲಿ ಅಂತ ಆ್ಯಪ್ ಮಾಡ್ಸಿದ್ರ, ಎಲ್ಲಾರೂ ನಿಮ್ಮ ಕೂಡ ಮಣಕಾಲು ನೋವು ಮಾತಾಡಿಕೋತ ಕುಂತಾರಲ್ರಿ! ಹಿಟ್ಟು ಒಯ್ಯಾವ್ರು ಯಾರು?" ಮಾಮಾ ಒಂಚೂರೂ ವಿಚಲಿತನಾಗಲಿಲ್ಲ. "ಹಿಟ್ಟು ನಾಳೆ ಒಯ್ತಾರ ತಗೋರಿ. ನೋವು ಇವತ್ತ ಐತಿ," ಎಂದ.

ಟ್ರ್ಯಾಕ್ಟರಿನ ಆ್ಯಪ್ ಬಂದ ವಾರದಲ್ಲೇ ಶಿಗ್ಲಿಯ ರೈತರೊಬ್ಬರು ಬಟನ್ ಒತ್ತಿದರು. ಮಾಮಾ ಫೋನ್ ಮಾಡಿದ.

"ನಾ ಅರಾಮ್ ಅದೀನ್ರಿ. ಎಮ್ಮಿ ಅಷ್ಟಕ್ಕಷ್ಟ. ಎರಡು ದಿನ ಆತು, ಮೇವು ಮುಟ್ಟವಲ್ದು."

ತಗೊಳ್ಳಿ! ಲಕ್ಷ್ಮೇಶ್ವರದ ದನದ ಡಾಕ್ಟರರನ್ನು ಹುಡುಕಿ, ಅವರನ್ನು ಶಿಗ್ಲಿಗೆ ಕಳಿಸಿ, ಎಮ್ಮೆ ಮೇವು ತಿಂದ ಖಬರು ಬಂದಮೇಲೆಯೇ ಮಾಮಾ ಊಟಕ್ಕೆ ಕೂತದ್ದು. ಊಟ ಮುಗಿಸಿ ಟ್ರ್ಯಾಕ್ಟರಿನ ಆ್ಯಪಿಗೆ ಮೂರನೆಯ ಬಟನ್ ಸೇರಿಸಿದ: 'ಎಮ್ಮಿ'. ಮರುದಿನ ಮುಂಡರಗಿಯಿಂದ ಇನ್ನೊಬ್ಬರ ಫೋನು. "ಎಮ್ಮಿ ಅಷ್ಟೇನ್ರಿ? ನಮ್ಮ ಎತ್ತೇನು ಪಾಪ ಮಾಡ್ಯಾವು?"

ಮಾಗಡಿ ಕೆರೆಗೆ ಹಕ್ಕಿ ನೋಡಲು ಬರುವವರಿಗೆಂದು ಒಂದು ಆ್ಯಪ್ ಮಾಡಿದ್ದ. ಅದನ್ನು ತೆರೆದ ಪರವೂರಿನವರೊಬ್ಬರು ಇದು ಯಾವುದೋ ವಿಮೆಯವರದೆಂದು ತಿಳಿದು, ಹೆದರಿ, ತಮ್ಮ ಬಿಪಿ, ಶುಗರು, ಹಳೆಯ ಮೂಲವ್ಯಾಧಿ ಎಲ್ಲವನ್ನೂ ಪ್ರಾಮಾಣಿಕವಾಗಿ ಒಪ್ಪಿಸಿದರು. ಮಾಮಾ ಅರ್ಧ ಗಂಟೆ ಪಥ್ಯ ಹೇಳಿದ. ಅಷ್ಟರಲ್ಲಿ ಹಕ್ಕಿಗಳು ಕೆರೆಯಿಂದ ಎದ್ದು ಹೊಲಕ್ಕೆ ಮೇಯಲು ಹೋಗಿದ್ದವಂತೆ!

ನಗುವುದೇನೋ ನಗಬಹುದು. ಆದರೆ ಇಂಥ ಆ್ಯಪ್ ಮಾಡಿಸಿಕೊಳ್ಳಲು ಎಷ್ಟು ಜನ ಬಂದಾರು? ಈ ವರ್ಷ ಕೆಲಸವೇ ಬರಲಿಲ್ಲ. ಮಾಮಿ ಒಂದು ಕರಾರು ಹಾಕಿದಳು: ಇನ್ನೊಂದು ದೊಡ್ಡ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಖೋಲಿಗೆ ಬೀಗ ಹಾಕಿ, ಹುಬ್ಬಳ್ಳಿಗೆ ಹೋಗಿ ಅವಳ ಅಣ್ಣನ ಸಿಮೆಂಟ್ ಅಂಗಡಿಯಲ್ಲಿ ಕೂರಬೇಕು. ಮಾಮಾ ಹೂಂ ಅಂದ. ಆ ಖೋಲಿ ಬಿಟ್ಟು ಅವನು ಬದುಕಿದಂತೆಯೇ, ಎಂದು ನನಗನ್ನಿಸಿತು.

ದೊಡ್ಡ ಕೆಲಸ ಬಂದೇ ಬಂತು! ಗದಗ, ಶಿರಹಟ್ಟಿ, ಮುಂಡರಗಿ ಮೂರೂ ಕಡೆ ಬೀಜ-ಗೊಬ್ಬರದ ಅಂಗಡಿಯಿದ್ದ ಸಾಹುಕಾರರೊಬ್ಬರು ಮಾಮಾನನ್ನು ಕರೆಸಿದರು. ಯಾವ ಅಂಗಡಿಯಲ್ಲಿ ಯಾವ ಮಾಲು ಇದೆ ಎಂದು ರೈತರಿಗೆ ಮನೆಯಲ್ಲೇ ತಿಳಿಯಬೇಕು, ಅಷ್ಟೇ. ಮಾಮಾ ಹದಿನೈದು ದಿನ ಕುಟ್ಟಿ ಆ್ಯಪ್ ತಯಾರಿಸಿ ಅವರ ಫೋನಿಗೇ ಹಾಕಿ ತೋರಿಸಿದ. ಮೊದಲ ಪರದೆ ನೋಡಿಯೇ ಸಾಹುಕಾರರು ಹುಬ್ಬು ಗಂಟಿಕ್ಕಿದರು.

"ಇದೇನ್ ಮಾಸ್ತರ? ಯೂರಿಯಾ ಕೇಳಾಕ ಬಂದಾವ್ರಿಗೆ ಇದೆಲ್ಲಾ ಯಾಕ? ಗಿರಾಕಿಗೆ ಅವಸರ ಇರತೈತಿ."

"ಸಾಹುಕಾರ್ರ, ಅಂಗಡಿಗೆ ಬಂದಾವ್ರನ್ನ ಬರ್ರಿ, ಕುಂಡ್ರಿ, ಅರಾಮ್ ಅದೀರಿ ಅಂತ ನೀವು ಕೇಳಂಗಿಲ್ಲೇನು?"

"ಕೇಳತೀನಿ. ಅದಕ್ಕ ನನಗ ಬಾಯಿ ಐತಿ."

"ಇದಕ್ಕ ಬಾಯಿ ಇಲ್ಲ. ಅದಕ್ಕ ಬಟನ್ ಇಟ್ಟೀನ್ರಿ."

ಸಾಹುಕಾರರಿಗೆ ಮಾತು ಹಿಡಿಸಲಿಲ್ಲ. "ಎಂಟು ದಿನ ಕೊಡತೀನಿ. ಅದನ್ನ ತಗದ್ರ ಕೆಲಸ ನಿಮ್ಮದು. ಇಲ್ಲಾಂದ್ರ ಬ್ಯಾರೆಯವ್ರು ಅದಾರ," ಎಂದು ಎದ್ದುಬಿಟ್ಟರು.

ಏಳು ದಿನ ಮಾಮಾ ಆ ಕೆಲಸವನ್ನು ಮುಟ್ಟಲಿಲ್ಲ. ಎಂಟನೆಯ ದಿನ ರವಿವಾರ. ನನ್ನ ಶಾಲೆಗೆ ರಜೆಯೆಂದು ತಿಳಿದ ಮಾಮಿ, "ಬಾರ ನಮ್ಮವ್ವ, ನಿನ್ನ ಮಾತಾದ್ರೂ ಕೇಳಲಿ," ಎಂದು ಕರೆದಳು. ಹೋದೆ. ಮಾಸ್ತರ್ತಿಯಲ್ಲವೇ, ಉಪದೇಶಕ್ಕೆ ಕಡಿಮೆಯೇ? "ಮಾಮಾ, ಕಾಲ ಬದಲಾಗೇತಿ. ನಾನ ಗಿರಣಿ ಆ್ಯಪಿನ್ಯಾಗ ಪ್ರತಿ ಸಲ ಆ ಪ್ರಶ್ನೆ ಓದದೇ ಅರಾಮ್ ಒತ್ತಿಬಿಡತೀನಿ. ಯಾರಿಗೆ ಬೇಕಾಗೇತಿ ಅದು?" ಎಂದೆ.

ಮಾಮಾ ನನ್ನನ್ನೇ ನೋಡಿದ. "ಓದಂಗೇ ಇಲ್ಲೇನ?" ಎಂದ. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, "ಆತು ಬಿಡು. ನಾಕು ಸಾಲು ಅಳಿಸಿದ್ರ ಮುಗೀತು," ಎಂದ. ಮಾಮಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವನ ಬೆರಳು ಕೀಬೋರ್ಡನ್ನು ಮೆಲ್ಲಗೆ ಮುಟ್ಟಿತು.

'ಟಿಣ್.'

ಫೋನಿನಲ್ಲಿ ಸಾಹುಕಾರರ ಹೆಸರು! 'ಅಷ್ಟಕ್ಕಷ್ಟ' ಒತ್ತಿದ್ದರು. ಮಾಮಾ ಸ್ಪೀಕರಿಗೆ ಹಾಕಿ ಫೋನ್ ಮಾಡಿದ.

"ಯಾಕ್ರೀ ಸಾಹುಕಾರ್ರ, ಏನಾತು?"

"ಏನಿಲ್ಲ ಮಾಸ್ತರ. ಬಟನ್ ಕೆಲಸ ಮಾಡತೈತೋ ಇಲ್ಲೋ ಅಂತ ಸುಮ್ನ ಒತ್ತಿ ನೋಡಿದೆ."

"ಕೆಲಸ ಮಾಡತೈತ್ರಿ. ಈಗ ಹೇಳ್ರಿ."

ಸಾಹುಕಾರರು ಕೆಮ್ಮಿದರು. ಆಮೇಲೆ ಮೆಲ್ಲಗೆ ಹೇಳಿದರು: "ಮುಂಜಾನಿಂದ ಫೋನ್ ಮ್ಯಾಲ ಫೋನ್ ಮಾಸ್ತರ. ಡಿಎಪಿ ಬಂತೇನ್ರಿ, ಯೂರಿಯಾ ಬಂತೇನ್ರಿ. ಮಾಲಿನ ಸುದ್ದಿ ಎಲ್ಲಾರೂ ಕೇಳ್ತಾರ. ಮನ್ಯಾಕಿ ಇದ್ದಾಗ ಸಂಜಿಕ ಚಪ್ಪಲಿ ಬಿಡೂದ್ರಾಗ ಕೇಳ್ತಿದ್ಲು, ಅರಾಮ್ ಅದೀರಿ ಅಂತ. ಆಕಿ ಹೋಗಿ ಎಂಟು ತಿಂಗಳಾತು. ಆಮ್ಯಾಲ ಕೇಳಿದ್ದು ಈ ನಿಮ್ಮ ಡಬ್ಬಿ ಒಂದ ನೋಡ್ರಿ. ಏಳು ದಿನ ಸುಳ್ಳು ಹೇಳಿದೆ ಅದಕ್ಕ, ಅರಾಮ್ ಅಂತ. ಇವತ್ತ ಆಗಲಿಲ್ಲ."

ಮಾಮಾ ಸಮಾಧಾನ ಹೇಳುತ್ತಾನೆಂದುಕೊಂಡೆ. ಹೇಳಲಿಲ್ಲ. "ನಾ ಕೇಳಾಕತ್ತೀನ್ರಿ," ಎಂದಷ್ಟೇ ಅಂದ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು. ಸಾಹುಕಾರರು ಹೆಂಡತಿಯ ಮಾತು ತೆಗೆದರು. ಅವಳು ಮಾಡುತ್ತಿದ್ದ ಝುಣಕದ ಮಾತು, ಅವಳ ಸಿಟ್ಟಿನ ಮಾತು. ನಡುವೆ ಒಮ್ಮೆ ನಕ್ಕರು ಕೂಡ. ಕೊನೆಗೆ, "ಮಾಸ್ತರ, ಅದನ್ನ ತಗೀಬ್ಯಾಡ್ರಿ. ಇರಲಿ. ನನ್ನಂಥಾವ್ರು ಇನ್ನೂ ಇದ್ದಾರು," ಎಂದು ಫೋನ್ ಇಟ್ಟರು.

ನನಗೆ ನಾಚಿಕೆಯಾಯಿತು. ಅಳು ಬಂತೆಂದರೂ ತಪ್ಪಿಲ್ಲ. ಇಡೀ ಜಿಲ್ಲೆಯ ಮಂದಿಯನ್ನು, ಅವರ ಎಮ್ಮೆ ಎತ್ತುಗಳನ್ನು ವಿಚಾರಿಸುವ ಈ ಮನುಷ್ಯನನ್ನು ನಾನಾಗಲಿ ಯಾರಾಗಲಿ ಒಂದು ದಿನ ಅರಾಮ್ ಇದ್ದೀಯಾ ಎಂದು ಕೇಳಿದ್ದಿದೆಯೇ?

ಮಾಮಿ ಒಳಗೆ ಬಂದಳು. ಮೇಜಿನ ಎಡಗಡೆ ಒಂದು ಗಳಿಗೆ ನಿಂತಳು. ಆಮೇಲೆ ಸುತ್ತು ಹಾಕಿ ಹೋಗಿ, ಚಹಾದ ಕಪ್ಪನ್ನು ಬಲಗಡೆ ಇಟ್ಟಳು.

"ಏನ್ರಿ," ಎಂದಳು, "ನೀವು ಅರಾಮ್ ಅದೀರಿ?"

ಮಾಮಾ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ, ಮತ್ತೆ ಒರೆಸಿದ. "ಇಷ್ಟು ದಿನ ಅಷ್ಟಕ್ಕಷ್ಟ ಇದ್ದೆ," ಎಂದ. "ಈಗ ಅರಾಮ್."

ಆ ದಿನ ಅವನು ಚಹಾ ಪೂರ್ತಿ ಕುಡಿದ.