ಪ್ರೋಟೀನ್ ತೂಗುವ ಯಂತ್ರ ಬಂತು

ಸರ್ಕಾರಿ ಸಾಮಾನು ಸುಮ್ಮನೆ ಬರುವುದಿಲ್ಲ. ನಾಲ್ಕು ಜನರನ್ನು ನಗಿಸಿ, ಒಬ್ಬರನ್ನು ಅಳಿಸಿಯೇ ಬರುತ್ತದೆ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತನಾದ ಮೇಲೆ ನಾನು ಇಲ್ಲಿನ ಸಂಶೋಧನಾ ಕೇಂದ್ರದ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಬಂತು. ಪ್ರೋಟೀನಿನ ಕಣಗಳನ್ನು ತೂಗಿ, ಅವು ಯಾವ ಜೀವಿಯವು ಎಂದು ಹೇಳುತ್ತದೆ. ಸುತ್ತಲಿನ ಕಾಲೇಜುಗಳಿಗೆಲ್ಲ ಸೇರಿ ಒಂದೇ. ನಮ್ಮ ವಿಜ್ಞಾನಿ ಮೇಡಂ ಆರು ವರ್ಷ ಅರ್ಜಿ ಬರೆದು ತರಿಸಿದ್ದು. ಷರತ್ತು ಇಷ್ಟೇ: ಮಳೆಗಾಲ ಮುಗಿಯುವುದರೊಳಗೆ ಓಡಿಸಿ ಪರಿಶೀಲನಾ ಸಮಿತಿಯ ಸಹಿ ಪಡೆಯಬೇಕು. ಇಲ್ಲದಿದ್ದರೆ ಯಂತ್ರ ಬೇರೆ ಜಿಲ್ಲೆಗೆ.

ಎಷ್ಟು ಜೋಡಿ?

ಯಂತ್ರದ ಮಂಜೂರಾತಿಗೆ ಮಡಿಕೇರಿಯ ಜಿಲ್ಲಾ ಕಚೇರಿಗೆ ಕಳಿಸುವ ಕಡತ ಕನ್ನಡದಲ್ಲೇ ಇರಬೇಕು. ನಮ್ಮ ಗುಮಾಸ್ತರು ನಿಘಂಟು ನೋಡಿದರು. ಮಾಸ್ ಎಂದರೆ ಸಾಮೂಹಿಕ. ‘ಸಾಮೂಹಿಕ ವರ್ಣಮಾಪಕ’ ಎಂದು ಬರೆದು ಕಳಿಸಿದರು.

ಕಡತ ವಾಪಸ್ ಬಂತು: ‘ಒಟ್ಟು ಎಷ್ಟು ಜೋಡಿ?’

‘ಜೋಡಿ ಇಲ್ಲ, ಒಂದೇ’ ಎಂದು ಗುಮಾಸ್ತರು ಉತ್ತರಿಸಿದರು.

ಮತ್ತೆ ಬಂತು: ‘ಒಂದೇ ಆದಲ್ಲಿ ಸಾಮೂಹಿಕ ಎನ್ನಲಾಗದು. ವಧುವಿನ ವಯಸ್ಸಿನ ದಾಖಲೆ ಲಗತ್ತಿಸಿ ಪ್ರತ್ಯೇಕ ಅರ್ಜಿ ಸಲ್ಲಿಸಿ.’

ಪೆಟ್ಟಿಗೆ

ಆ ಪದ ಹೊಡೆದುಹಾಕಿದ ಮೇಲೆ ಮಂಜೂರಾಯಿತು. ಯಂತ್ರ ತರಲು ಲಾರಿಯಲ್ಲಿ ನಾನೇ ಹೋದೆ. ವಾಪಸ್ ಬರುವಾಗ ತಿತಿಮತಿ ಕಡೆಯ ಕಾಡುದಾರಿ. ಒಂದು ಚೆಕ್‌ಪೋಸ್ಟಿನಲ್ಲಿ ಗಾರ್ಡ್ ನಿಲ್ಲಿಸಿದ. ಕಾಗದ ಕೊಟ್ಟೆ.

“ಯಜಮಾನ್ರೇ, ಇದು ಒಳಗಿನ ಸಾಮಾನಿಂದು. ಪೆಟ್ಟಿಗೆ ಮರದ್ದಲ್ವಾ? ಮರ ಸಾಗಿಸೋ ಪರ್ಮಿಟ್ ಎಲ್ಲಿ?”

“ಫಾರಿನ್ ಮರ.”

“ಸಿಕ್ಕಿಬಿದ್ದೋರೆಲ್ಲ ಹಾಗೇ ಹೇಳೋದು.”

ಎರಡು ಗಂಟೆ ನಿಂತೆವು. ಯಂತ್ರ ಇಳಿಸಿ ಪೆಟ್ಟಿಗೆ ವಾಪಸ್ ತಂದೊಪ್ಪಿಸುತ್ತೇನೆ ಎಂದು ಬರೆದುಕೊಟ್ಟ ಮೇಲೆ ಬಿಟ್ಟ. ಒಪ್ಪಿಸಿದೆ. ಈಗ ಅದರಲ್ಲಿ ಅವನ ಕೋಳಿಗಳಿವೆ.

ಮುದ್ರೆ

ಸ್ಟಾಕ್ ಪುಸ್ತಕದಲ್ಲಿ ನಾನು ‘ಪ್ರೋಟೀನ್ ತೂಗುವ ಯಂತ್ರ’ ಎಂದು ಬರೆದೆ. ತಪ್ಪಾಯಿತು. ಆ ಪುಟದ ಪ್ರತಿ ಎಲ್ಲ ಕಚೇರಿಗೂ ಹೋಗುತ್ತದೆ. ಅಂಗಡಿ ತಕ್ಕಡಿಗಳಿಗೆ ಮುದ್ರೆ ಹೊಡೆಯುವ ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದಿಳಿದರು. ಜೊತೆಗೆ ಇಪ್ಪತ್ತು ಕಿಲೋದ ತೂಕದ ಕಲ್ಲು.

“ಇದನ್ನ ಎಲ್ಲಿ ಇಡೋದು?”

ಮೇಡಂ ಯಂತ್ರಕ್ಕೆ ಅಡ್ಡ ನಿಂತರು. “ಅಯ್ಯೋ ಬೇಡ ಸರ್! ಇದು ಕಣ್ಣಿಗೆ ಕಾಣದ್ದನ್ನ ತೂಗುತ್ತೆ.”

“ಸಂತೆಯಲ್ಲಿ ಶುಂಠಿ ತೂಗೋರೂ ಅದನ್ನೇ ತೂಗೋದು, ಮೇಡಂ. ಅದಕ್ಕೇ ಮುದ್ರೆ.”

ಸಹಿ

ಸಮಿತಿ ಬಂದಾಗ ಮಳೆಗಾಲದ ಕೊನೆಯ ವಾರ. ಅಧ್ಯಕ್ಷರು ಬಯಲುಸೀಮೆಯವರು. ನಮ್ಮ ಚಳಿಗೆ ಹೆದರಿ ಉಣ್ಣೆ ಟೊಪ್ಪಿ ಹಾಕಿದ್ದರು. ಲ್ಯಾಬಿನೊಳಗೆ ಅದು ಬೇಡ ಎಂದರು ಮೇಡಂ.

“ನೆಗಡಿ ಆದ್ರೆ ನೀವು ನೋಡ್ಕೋತೀರೇನಮ್ಮ?”

ಮೇಡಂ ಕಾಫಿ ಎಲೆ ಅರೆದು ಪರೀಕ್ಷೆಗೆ ಸಿದ್ಧಮಾಡುವಾಗ ಅಧ್ಯಕ್ಷರು ಅದರ ಮೇಲೇ ಬಗ್ಗಿ ನೋಡಿದರು. ಟೊಪ್ಪಿಯ ಮೇಲಿಂದಲೇ ತಲೆ ಕೆರೆದುಕೊಂಡರು.

ಮಾರನೆಯ ದಿನ ಯಂತ್ರ ಪಟ್ಟಿ ಕೊಟ್ಟಿತು. ಕಾಫಿ, ಕಾಫಿ, ಕಾಫಿ, ಕುರಿ.

“ಕಾಫಿ ಎಲೆಯಲ್ಲಿ ಕುರಿ ಹೇಗ್ರೀ ಬರುತ್ತೆ?” ಅಧ್ಯಕ್ಷರು ಪೆನ್ನು ಜೇಬಿಗಿಟ್ಟರು. “ಯಂತ್ರ ಸರಿಯಿಲ್ಲ. ಸಹಿ ಹಾಕಲ್ಲ.”

“ತೋಟಕ್ಕೆ ಕುರಿಗೊಬ್ಬರ ಹಾಕಿರಬಹುದು ಸರ್,” ಎಂದರು ಸದಸ್ಯರೊಬ್ಬರು.

“ಗೊಬ್ಬರ ಅಲ್ಲ, ಇದು ಉಣ್ಣೆ,” ಎಂದರು ಮೇಡಂ, ಸಣ್ಣ ದನಿಯಲ್ಲಿ.

ಎಲ್ಲರೂ ಟೊಪ್ಪಿ ನೋಡಿದರು. ಆಮೇಲೆ ನೆಲ ನೋಡಿದರು. ಮೇಡಂ ಕಣ್ಣಲ್ಲಿ ನೀರು. ಆರು ವರ್ಷದ ಕೆಲಸ.

ನಾನು ಬಾಗಿಲಲ್ಲಿದ್ದೆ. “ಯಂತ್ರ ಸರಿಯಿದೆ ಸರ್. ಕುರಿ ನೀವೇ.”

ಅಧ್ಯಕ್ಷರು ಮೆಲ್ಲಗೆ ಟೊಪ್ಪಿ ತೆಗೆದರು, ತಿರುಗಿಸಿ ನೋಡಿದರು, ಪೆನ್ನು ತೆಗೆದು ಸಹಿ ಹಾಕಿದರು.

ಅವರು ಹೋದ ಮೇಲೆ ಮೇಡಂ ಕೇಳಿದರು: “ಅಂಕಲ್, ‘ನಿಮ್ಮ ಟೊಪ್ಪಿ’ ಅನ್ನಬಾರದಿತ್ತಾ?”

“ಟೊಪ್ಪಿ ಅಂದಿದ್ರೆ ಅದನ್ನ ಪರಿಶೀಲಿಸೋಕೆ ಇನ್ನೊಂದು ಸಮಿತಿ ಬರ್ತಿತ್ತು,” ಎಂದೆ.