ಕೆದುಂಗ್‌ವಾರುವಿನ ತೂಗುಕೋಲಿಗೆ, ಒಂಬತ್ತು ಕಿಲೋ ಮಗಳ ಅಪ್ಪನಿಂದ

ಶ್ರೀಮದ್ ತೂಗುಕೋಲು ಅವರಿಗೆ,
ಮಕ್ಕಳ ತೂಕದ ಕೇಂದ್ರ, ಬು ಸುಕಿನಾ ಅವರ ಮನೆಯ ಜಗಲಿ,
ಕೆದುಂಗ್‌ವಾರು ಕೇರಿ, ಮಧ್ಯ ಜಾವಾ

ಮಾನ್ಯರೇ,

ತಿಂಗಳಿಗೊಮ್ಮೆ, ಹನ್ನೊಂದನೆಯ ತಾರೀಖಿನ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಮಾತ್ರ ದರ್ಶನ ಕೊಟ್ಟು, ಉಳಿದ ದಿನವೆಲ್ಲ ಬು ಸುಕಿನಾ ಅವರ ಅಕ್ಕಿ ಡಬ್ಬದ ಮೇಲೆ ಗೋಣಿಚೀಲ ಹೊದ್ದು ವಿಶ್ರಮಿಸುವ ತಮ್ಮ ಘನ ಸನ್ನಿಧಿಗೆ, ಇದೇ ಕೇರಿಯಲ್ಲಿ ಸೋಯಾ ಕಾಳು ಹುದುಗಿಸಿ ತೆಂಪೆ ಮಾಡಿ ಮಾರುವ ಮರ್ಸೂದಿ ಎಂಬ ಸಾಮಾನ್ಯನ ಅನಂತ ಸಲಾಮುಗಳು. ತಮ್ಮ ಕೊಕ್ಕೆ, ತಮ್ಮ ಸರಿಯುವ ಗುಂಡು, ಮಕ್ಕಳ ಕಾಲು ತೂರಿಸುವ ತಮ್ಮ ನೀಲಿ ಬಟ್ಟೆಯ ಚಡ್ಡಿ, ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ತಮಗೆ ಓದು ಬಾರದೆಂಬುದು ಗೊತ್ತಿರುವುದರಿಂದ ಈ ಪತ್ರವನ್ನು ಕಾವಲು ಕಟ್ಟೆಯ ಹಲಗೆಗೆ ಅಂಟಿಸುತ್ತಿದ್ದೇನೆ. ಓದಿದವರು ತಮ್ಮ ಕಿವಿಗೆ ಹಾಕುವರೆಂಬ ಭರವಸೆಯಿದೆ. ನಮ್ಮ ಕೇರಿಯಲ್ಲಿ ಯಾವ ಸುದ್ದಿಯೂ ಯಾರ ಕಿವಿಗೂ ಬೀಳದೆ ಉಳಿದದ್ದಿಲ್ಲ.

ಮೊದಲಿಗೇ ಒಂದು ಮಾತು. ನಾನೂ ದಿನಾ ಬೆಳಗಾದರೆ ತಕ್ಕಡಿ ಹಿಡಿಯುವವನೇ ಆದ್ದರಿಂದ ತಮ್ಮ ಕುಲದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ನನ್ನ ತಕ್ಕಡಿ ಸೋಯಾ ಕಾಳು ಇಷ್ಟಿದೆ ಎಂದು ಹೇಳಿ ಸುಮ್ಮನಾಗುತ್ತದೆಯೇ ಹೊರತು ಕಾಳಿನ ಅಪ್ಪನನ್ನು ಊರ ಮುಂದೆ ನಿಲ್ಲಿಸಿ ತಲೆ ತಗ್ಗಿಸುವಂತೆ ಮಾಡುವುದಿಲ್ಲ. ಆ ಕಲೆ ತಮಗೊಬ್ಬರಿಗೇ ಸಿದ್ಧಿಸಿದೆ. ನನ್ನ ಮಗಳು ಹದಿನೇಳನೆಯ ತಿಂಗಳಲ್ಲಿ ಒಂಬತ್ತು ಕಿಲೋ ನೂರು ಗ್ರಾಂ ಇದ್ದಳು. ಹದಿನೆಂಟರಲ್ಲಿ ಅಷ್ಟೇ ಇದ್ದಳು. ಹತ್ತೊಂಬತ್ತರಲ್ಲಿ ತಾವು ಆ ನೂರು ಗ್ರಾಮನ್ನೂ ಕಿತ್ತುಕೊಂಡಿರಿ. ಹದಿನಾಲ್ಕು ಜನ ತಾಯಂದಿರ ಎದುರಿಗೆ ತೂಕ ಬರೆದಿಡುವ ಬು ಸುಕಿನಾ (‘ಬು’ ಎಂದರೆ ನಮ್ಮಲ್ಲಿ ಅಮ್ಮಾ ಎಂದಂತೆ) ಮಗಳ ತೂಕದ ಗುಲಾಬಿ ಪುಸ್ತಕ ತೆರೆದು ‘ಏರಿಲ್ಲ’ ಎಂದು ಎರಡನೆಯ ಬಾರಿ ಬರೆದಾಗ ಎಲ್ಲರೂ ಒಟ್ಟಿಗೆ ನನ್ನ ಮಗಳ ತೊಡೆಯನ್ನು ನೋಡಿದರು. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದರು.

ಅಂದಿನಿಂದ ತಮ್ಮ ಕೃಪೆಯಿಂದ ನಮಗೆ ಸಲಹೆಯ ಬರ ಎಂಬುದೇ ಇಲ್ಲ. ಅಂಗಡಿಯ ಪಾಕ್ ದಿರ್ಜೊ, “ಗದ್ದೆ ಹಾವುಮೀನು ಸುಟ್ಟು ತಿನ್ಸು ಮಾರಾಯ, ನನ್ನ ಮೊಮ್ಮಗ ಗುಂಡುಕಲ್ಲು ಹಂಗವ್ನೆ,” ಎಂದರು. ಮೊಟ್ಟೆಯ ಹಳದಿಗೆ ಜೇನು ಬೆರೆಸಿರೆಂದು ಒಬ್ಬರು, ಬೆರೆಸಿದರೆ ಹುಳ ಆಗುತ್ತದೆಂದು ಇನ್ನೊಬ್ಬರು. ನನ್ನ ಹೆಂಡತಿ ಪೂರ್ವಂತಿ ಎಲ್ಲರಿಗೂ ಹೂಂ ಎಂದಳು. ಕೊನೆಗೆ ಬೇರು ನಾರಿನ ಕಷಾಯ ಮಾರುವ ಪಾರ್ತಿ ಅಕ್ಕನ ಹತ್ತಿರ ಮಗುವನ್ನು ಒಯ್ದೆವು. ಹಸಿವು ಹುಟ್ಟಲೆಂದು ಕಹಿ ಅರಿಶಿನ ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ಮಗುವಿನ ಮೂಗು ಹಿಡಿದು ಬಾಯಿಗೆ ಹಿಂಡುವುದರಲ್ಲಿ ಆಕೆಯದು ಮೂವತ್ತು ವರ್ಷದ ಕೈ. ಮಗಳು ಆ ಕೈಯನ್ನೇ ಕಚ್ಚಿದಳು. “ಅಯ್ಯಪ್ಪಾ, ಹಸಿವಿಲ್ಲ ಅಂತ ಯಾರ್ ಹೇಳಿದ್ದು ಇದಕ್ಕೆ?” ಎಂದು ಪಾರ್ತಿ ಅಕ್ಕ ಬೆರಳು ಚೀಪಿಕೊಂಡರು. ಈ ಕೇರಿಯಲ್ಲಿ ಅವಳ ಆರೋಗ್ಯದ ಬಗ್ಗೆ ಯಾರಾದರೂ ಆಡಿದ ಮೊದಲ ಒಳ್ಳೆಯ ಮಾತು ಅದೇ, ಅದನ್ನು ತಾವು ಆಡಲಿಲ್ಲ.

ದೊಡ್ಡ ಆರೋಗ್ಯ ಕೇಂದ್ರಕ್ಕೂ ಹೋದೆವು. ಅಲ್ಲಿನ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು, ಹೊಟ್ಟೆ ಒತ್ತಿ, ಕಣ್ಣು ಬಿಡಿಸಿ ನೋಡಿ, “ಜ್ವರ ಇಲ್ಲ, ಎದೆ ಕ್ಲೀನಾಗಿದೆ. ಮುಂದಿನ ತಿಂಗಳ ತೂಕ ನೋಡೋಣ. ಏರಿದ್ರೆ ಏನೂ ಯೋಚನೆ ಇಲ್ಲ. ಏರ್ಲಿಲ್ಲ ಅಂದ್ರೆ ರಕ್ತ ಪರೀಕ್ಷೆ ಮಾಡ್ಸೋಣ,” ಎಂದರು. ಅಂದರೆ, ಮಾನ್ಯರೇ, ಆರು ವರ್ಷ ಓದಿದವರೂ ಕೊನೆಗೆ ತಮ್ಮ ಕಡೆಗೇ ಕೈ ತೋರಿಸಿದರು. ಆ ಮೂವತ್ತು ದಿನ ನಾನು ನಿದ್ದೆಯಲ್ಲೂ ಗ್ರಾಂ ಎಣಿಸಿದ್ದೇನೆ. ಮುಚ್ಚಿಡುವುದೇಕೆ, ನನಗೆ ಭಯವಾಗಿತ್ತು. ಮಗು ನಗುತ್ತಾ ಓಡಿ ಬಂದರೂ ಭಯ, ಓಡದೆ ಕೂತರೂ ಭಯ.

ಈ ಸಂಧಿಯಲ್ಲಿ ನನ್ನ ತಾಯಿಯವರು ತಮ್ಮ ತೀರ್ಪು ಕೊಟ್ಟರು. “ತಪ್ಪು ತಕ್ಕಡೀದಲ್ಲ, ನಿಂದು. ಹೆಸರು ಮಗೂಗೆ ಭಾರ ಆಗೈತೆ. ಒಂಬತ್ತು ಕಿಲೋ ಕೂಸಿಗೆ ಹನ್ನೆರಡು ಕಿಲೋ ಹೆಸರು ಇಟ್ಟಿದೀಯಲ್ಲೋ, ಹೊರೋದು ಹೆಂಗೆ?” ಎಂದರು. ಹೆಸರು ಮಹಾರಾಣಿ ಬುವಾನಾ, ಅಂದರೆ ಜಗತ್ತಿಗೇ ಮಹಾರಾಣಿ. (ದಯವಿಟ್ಟು ಇದನ್ನು ಮೆಲ್ಲಗೆ ಓದಿಕೊಳ್ಳಿ, ಕಾರಣ ಮುಂದೆ ತಿಳಿಯುತ್ತದೆ.) ಭಾರದ ಹೆಸರಿನಿಂದ ಮಕ್ಕಳು ಸೊರಗುವುದು ನಮ್ಮಲ್ಲಿ ಹೊಸದೇನಲ್ಲ, ಪಾಕ್ ದಿರ್ಜೊ ಅವರೇ ಮೂರು ವರ್ಷದವರೆಗೆ ಸೂರ್ಯನೋ ಚಂದ್ರನೋ ಎಂಬ ಹೆಸರು ಹೊತ್ತಿದ್ದವರು. ಆದರೂ ನಾನು ಓದಿದವನು, ಒಪ್ಪಲಿಲ್ಲ. ಎಂಟು ದಿನ ಒಪ್ಪಲಿಲ್ಲ. ಒಂಬತ್ತನೆಯ ದಿನ ಮಗಳು ಅನ್ನದ ತಟ್ಟೆಯನ್ನು ಕೋಳಿಗೆ ಕೊಟ್ಟು ಬಂದಳು, ನಾನು ಒಪ್ಪಿದೆ. ಬೆಲ್ಲದ ಕೆಂಪು ಗಂಜಿ, ತೆಂಗಿನಹಾಲಿನ ಬಿಳಿ ಗಂಜಿ ಮಾಡಿ ಕೇರಿಗೆಲ್ಲ ಹಂಚಿ, ಮಗುವಿಗೆ ‘ವರಸ್’ ಎಂದು ಹೊಸ ಹೆಸರಿಟ್ಟೆವು. ಗುಣವಾದವಳು, ಗಟ್ಟಿಯಾಗಿರುವವಳು ಎಂದು ಅರ್ಥ. ಹಳೆಯ ಹೆಸರನ್ನು ಇನ್ನು ಯಾರೂ ಉಚ್ಚರಿಸಬಾರದು, ಉಚ್ಚರಿಸಿದರೆ ಹೋದದ್ದು ತಿರುಗಿ ಬರುತ್ತದೆ ಎಂದು ಅಮ್ಮ ಬಟ್ಟಲು ಬಟ್ಟಲಿಗೂ ಹೇಳಿ ಬಡಿಸಿದರು.

ಬು ಸುಕಿನಾ ಎರಡು ಬಟ್ಟಲು ತಿಂದಿದ್ದರು. ಎಲ್ಲ ಅನಾಹುತಕ್ಕೂ ಮೂಲ ಇದು. ಗಂಜಿ ತಿಂದ ಬಾಯಲ್ಲಿ ಹಳೆಯ ಹೆಸರು ಹೇಗೆ ಕರೆಯುವುದು, ಕರೆಯದ ಹೆಸರಿನ ಪುಸ್ತಕದಲ್ಲಿ ಹೇಗೆ ಬರೆಯುವುದು ಎಂದು ಆ ಧರ್ಮಭೀರು ಹೆಂಗಸು ಹನ್ನೊಂದನೆಯ ತಾರೀಖು ಹೊಸದೊಂದು ಗುಲಾಬಿ ಪುಸ್ತಕ ತೆರೆದರು. ತಾವು ಒಂಬತ್ತು ಕಿಲೋ ಮುನ್ನೂರು ಗ್ರಾಂ ತೋರಿಸಿದಿರಿ. ನಾನು ಮುಂದೆ ಬಾಗಿ, “ಹಾಗಾದ್ರೆ ಏರಿದೆ ಅಲ್ವಾ ಬು?” ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, “ಯಾರಿಗಿಂತ ಏರಿದೆ? ವರಸ್ ಬಂದಿರೋದು ಇವತ್ತೇ ಮೊದಲು,” ಎಂದರು. ಲೆಕ್ಕ ನನಗೂ ಬರುತ್ತದೆ. ಆದರೆ ಹೊಸ ಹೆಸರಿನ ಖುಷಿಗೆ ಅಮ್ಮ ಮಗುವಿಗೆ ದಪ್ಪನೆಯ ಹೊಸ ಫ್ರಾಕು ಹಾಕಿ, ಕಾಲಿಗೆ ಗೆಜ್ಜೆ ಕಟ್ಟಿ, ಹೊಟ್ಟೆ ತುಂಬ ಹೆಸರುಕಾಳಿನ ಪಾಯಸ ಕುಡಿಸಿ ಕರೆತಂದಿದ್ದರು. ಆ ಮುನ್ನೂರರಲ್ಲಿ ಮಗಳೆಷ್ಟು, ಗೆಜ್ಜೆಯೆಷ್ಟು, ಪಾಯಸವೆಷ್ಟು ಎಂದು ತಮ್ಮನ್ನು ಕೇಳಿದರೆ ತಾವು ಗಾಳಿಗೆ ಸುಮ್ಮನೆ ತೂಗಾಡುತ್ತಿದ್ದಿರಿ. ಡಾಕ್ಟರಮ್ಮನ ಚೀಟಿ ಹಳೆಯ ಹೆಸರಿನಲ್ಲಿತ್ತು. ಆ ಚೀಟಿ ಹಿಡಿದು ಹೋದರೆ ಅಲ್ಲಿ ಕೌಂಟರಿನವರು ಆ ಹೆಸರನ್ನು ಕೂಗುತ್ತಾರೆ, ಅದೂ ಮೈಕಿನಲ್ಲಿ. ಅಮ್ಮ ಬಾಗಿಲಿಗೆ ಅಡ್ಡ ಕೂತರು.

ಅತ್ತ ಹಳೆಯ ಪುಸ್ತಕದಲ್ಲಿ ಆ ತಿಂಗಳ ಮನೆ ಖಾಲಿ ಉಳಿಯಿತು. ಎರಡು ಬಾರಿ ತೂಕ ಏರದ ಮಗು ಮೂರನೆಯ ಬಾರಿ ಬರಲೇ ಇಲ್ಲವೆಂದು ಪಟ್ಟಿ ಆರೋಗ್ಯ ಕೇಂದ್ರಕ್ಕೆ ಹೋಯಿತು. ನರ್ಸಮ್ಮ ರೆತ್ನಾ ಗಾಬರಿಯಾಗಿ ಬೈಕು ಹತ್ತಿ ಬಂದು ಪಾಕ್ ದಿರ್ಜೊ ಅವರ ಅಂಗಡಿಯ ಮುಂದೆ ನಿಂತು, ಮಹಾರಾಣಿ ಎಂಬ ಮಗುವಿನ ಮನೆ ಯಾವುದೆಂದು ಕೇಳಿದರು. “ನಮ್ಮೂರಲ್ಲಿ ರಾಣೀನೂ ಇಲ್ಲ, ರಾಜಾನೂ ಇಲ್ಲ ಬು. ಊರ ಯಜಮಾನ್ರು ಅಂತ ಒಬ್ರವ್ರೆ, ಅವ್ರೂ ಮದ್ವೆಗೆ ಹೋಗವ್ರೆ,” ಎಂದರು ಪಾಕ್ ದಿರ್ಜೊ. ಬಾವಿಕಟ್ಟೆಯ ಹೆಂಗಸರು ಬಿಂದಿಗೆ ಬಿಟ್ಟು ಒಳಗೆ ಹೋದರು. ಪಾರ್ತಿ ಅಕ್ಕ ಮಾತ್ರ ಕಣ್ಣು ತುಂಬಿಕೊಂಡು, “ಆ ಹೆಸ್ರು ಎತ್ಬೇಡಿ ತಾಯಿ,” ಎಂದು ಕೈ ಮುಗಿದರಂತೆ. ನನ್ನ ಮಗಳನ್ನು ಕಾಪಾಡಲೆಂದೇ ಇಡೀ ಕೇರಿ ಬಾಯಿ ಮುಚ್ಚಿಕೊಂಡಿತ್ತು, ಅಷ್ಟು ಒಗ್ಗಟ್ಟು ನಾನು ಚುನಾವಣೆಯಲ್ಲೂ ಕಂಡಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಗಾದೆಯಲ್ಲಿ ಹುಡುಕುವವರು ಪೆದ್ದರು. ನಮ್ಮಲ್ಲಿ ಕಂಕುಳಿನವರೇ ಕೂಸನ್ನು ಸೆರಗಿನಿಂದ ಮುಚ್ಚಿದ್ದರು.

ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ನರ್ಸಮ್ಮನ ಮುಖ ಬಿಳಿಚಿತ್ತು. ಮಗಳು ತೆಂಪೆಯ ತುಂಡು ಕಚ್ಚಿಕೊಂಡು ಬಾತುಕೋಳಿಯ ಹಿಂದೆ ಓಡುತ್ತಿದ್ದಳು. ಇವಳ ಹೆಸರೇನು ಎಂದು ಅವರು ಕೇಳಿದರು, ವರಸ್ ಎಂದು ಅಮ್ಮ ಹೇಳಿದರು. ಅವರು ಪಟ್ಟಿ ನೋಡಿದರು, ವರಸ್ ಅದರಲ್ಲಿರಲಿಲ್ಲ. ನಿಟ್ಟುಸಿರು ಬಿಟ್ಟು ಹೆಲ್ಮೆಟ್ ಹಾಕಿಕೊಳ್ಳತೊಡಗಿದರು. ನನ್ನ ಮಗಳು ಚೆನ್ನಾಗಿದ್ದಾಳೋ ಇಲ್ಲವೋ ಎಂದು ಹೇಳಬಲ್ಲ ಮನುಷ್ಯರು ನಮ್ಮ ಗೇಟಿನಿಂದ ಆಚೆ ಹೋಗುತ್ತಿದ್ದರು, ನಾನು ಸೋಯಾ ಕಾಳಿನ ಬುಟ್ಟಿ ಹಿಡಿದು ನಿಂತಿದ್ದೆ. ಆಗ ಗಟ್ಟಿಯಾಗಿ ಹೇಳಿಬಿಟ್ಟೆ: “ನೀವು ಹುಡುಕ್ತಿರೋ ಮಹಾರಾಣಿ ಇವಳೇ ಬು.” ಹೇಳಿ ತಿರುಗಿ ನೋಡಿದರೆ ಅಮ್ಮ ಮಗುವನ್ನು ಎಳೆದುಕೊಂಡು ಎರಡು ಅಂಗೈಗಳಿಂದ ಅದರ ಕಿವಿ ಮುಚ್ಚಿ ಹಿಡಿದಿದ್ದರು.

ನರ್ಸಮ್ಮ ಹೆಲ್ಮೆಟ್ ಕೆಳಗಿಟ್ಟರು. ಕ್ಷಮಿಸಬೇಕು, ಅವರ ಚೀಲದಲ್ಲಿ ತಮ್ಮ ದಾಯಾದಿಯೊಬ್ಬರಿದ್ದರು. ಚಪ್ಪಟೆ ಮೈ, ಬ್ಯಾಟರಿಯವರು, ಚಡ್ಡಿ ಗಿಡ್ಡಿ ಏನೂ ಬೇಡ. ಫ್ರಾಕು, ಗೆಜ್ಜೆ ಎಲ್ಲ ಬಿಚ್ಚಿ ನಿಲ್ಲಿಸಿದರು. ಒಂಬತ್ತು ಕಿಲೋ ಇನ್ನೂರು. ಹಳೆಯ ಪುಸ್ತಕ ತರಿಸಿ, ಅದರ ಖಾಲಿ ಮನೆಯಲ್ಲಿ ಚುಕ್ಕೆ ಇಟ್ಟು, ಗೆರೆ ಎಳೆದು, ಬೆರಳಿನಿಂದ ಒಸಡು ಸವರಿ ನೋಡಿ, “ದವಡೆ ಹಲ್ಲು ನಾಲ್ಕೂ ಒಟ್ಟಿಗೆ ಬಂದಿವೆ, ಅದಕ್ಕೇ ಊಟ ಬಿಟ್ಟಿದ್ಲು. ಓಡೋಕೆ ಬೇರೆ ಕಲ್ತಿದಾಳೆ. ಏರಿದೆ. ಮಗು ಚೆನ್ನಾಗಿದೆ. ಅಪ್ಪ ಅಮ್ಮ ಇಬ್ರೂ ಬಿದಿರುಕಡ್ಡಿ ಇದ್ದಂಗಿದೀರಿ, ಮಗಳು ಹಲಸಿನಹಣ್ಣು ಆಗ್ಬೇಕಿತ್ತಾ?” ಎಂದರು. ಪೂರ್ವಂತಿ ನಕ್ಕಳು. ನಾನು ಬುಟ್ಟಿಯೊಳಗೆ ಮುಖ ಬಗ್ಗಿಸಿ ಕಾಳು ಆರಿಸುವವನಂತೆ ಅತ್ತೆ.

ಅಮ್ಮ ಮಾತ್ರ ಕೈ ತೆಗೆದಿರಲಿಲ್ಲ. “ಯಾಕಜ್ಜಿ ಇಷ್ಟು ಹೆದರ್ತೀರ? ಏರಿದೆ ಅಂದ್ನಲ್ಲ,” ಎಂದು ನರ್ಸಮ್ಮ ಪಕ್ಕದಲ್ಲಿ ಕೂತರು. ಅಮ್ಮ ಮಗುವಿನ ನೆತ್ತಿ ನೋಡುತ್ತಲೇ ಹೇಳಿದರು: “ಇವನಿಗಿಂತ ಮುಂಚೆ ನಂಗೊಂದು ಹೆಣ್ಣು ಕೂಸಿತ್ತು ತಾಯಿ. ಇಷ್ಟೇ ಇತ್ತು. ದಿನಾ ಕರಗ್ತಾ ಬಂತು. ತೂಗಿ ಹೇಳೋರು ಯಾರಿದ್ರು? ಚೆಂದದ ಹೆಸ್ರಿಟ್ಟೆ, ಅದೇ ತಿಂದ್ಹಾಕ್ತು ಅಂದ್ರು. ನಾನೇ ಇಟ್ಟಿದ್ದು ಆ ಹೆಸ್ರು.” ಮೂವತ್ತೆಂಟು ವರ್ಷ ಅವರ ಮಗನಾಗಿದ್ದೇನೆ, ನನಗೊಬ್ಬಳು ಅಕ್ಕ ಇದ್ದಳೆಂದು ಅಂದು ತಿಳಿಯಿತು. ನರ್ಸಮ್ಮ ಅಮ್ಮನ ಕೈ ಹಿಡಿದು, “ಹೆಸರಿಂದ ಯಾವ ಮಗೂನೂ ಹೋಗಲ್ಲ ಅಜ್ಜಿ. ನಿಮ್ಮ ತಪ್ಪಲ್ಲ ಅದು,” ಎಂದರು. ಅಮ್ಮ ಒಂದೊಂದೇ ಬೆರಳಾಗಿ ಕೈ ತೆಗೆದರು.

ಆದ್ದರಿಂದ, ಮಾನ್ಯರೇ, ಈ ಪತ್ರದಲ್ಲಿ ಬರೆಯಬೇಕೆಂದಿದ್ದ ದೂರುಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತಿದ್ದೇನೆ. ‘ಏರಿಲ್ಲ’ ಎಂಬುದನ್ನು ಕಿವಿಯಲ್ಲಿ ಹೇಳಬೇಕು, ಹಲ್ಲು ಬರುವ ನೋವನ್ನೂ ಓಡಿದ ದೂರವನ್ನೂ ಗ್ರಾಮಿಗೆ ಸೇರಿಸಿಕೊಳ್ಳಬೇಕು, ಅಪ್ಪಂದಿರು ಎದುರಿಗಿದ್ದಾಗ ಸ್ವಲ್ಪ ಮೇಲಕ್ಕೇ ಜಗ್ಗಬೇಕು ಎಂದೆಲ್ಲ ಕೋರುವವನಿದ್ದೆ. ಅವೆಲ್ಲ ಬೇಡ. ಒಂದೇ ದೂರು ಉಳಿದಿದೆ. ತಾವು ನಮ್ಮ ಕೇರಿಗೆ ಬಂದದ್ದು ನನಗೆ ಮೂರು ವರ್ಷವಾಗಿದ್ದಾಗ ಎಂದು ಬು ಸುಕಿನಾ ಹೇಳುತ್ತಾರೆ. ಒಂದು ಆರು ವರ್ಷ ಮುಂಚೆ ಬರಬಾರದಿತ್ತೇ? ಬಂದು, ಹದಿನಾಲ್ಕು ಜನರ ಎದುರಿಗೇ ಆಗಲಿ, ಎಷ್ಟು ಗಟ್ಟಿಯಾಗಿಯೇ ಆಗಲಿ, ನನ್ನ ಅಮ್ಮನಿಗೂ ‘ಏರಿಲ್ಲ’ ಎಂದು ಹೇಳಬಾರದಿತ್ತೇ?

ಇನ್ನು ಮುಂದೆ ಪ್ರತಿ ಹನ್ನೊಂದರಂದೂ ಎಂಟಕ್ಕೆ ಮೊದಲೇ ಬಂದು ಸಾಲಿನಲ್ಲಿ ನಿಲ್ಲಲಿರುವ,

ತಮ್ಮ ವಿಶ್ವಾಸಿ,
ಮರ್ಸೂದಿ

ತಾ.ಕ.: ಬರುವ ತಿಂಗಳು ಅಮ್ಮ ಖುದ್ದಾಗಿ, ಫ್ರಾಕು ಗೆಜ್ಜೆ ಏನೂ ಹಾಕದೆ ಮಗುವನ್ನು ಕರೆತರುತ್ತಾರೆ. ಪುಸ್ತಕ ಒಂದೇ ಇರುತ್ತದೆ, ಹೆಸರುಗಳು ಎರಡೂ ಇರುತ್ತವೆ. ತಾವು ನೂರು ಗ್ರಾಂ ಕಡಿಮೆ ತೋರಿಸಿದ್ದೇ ಆದರೆ ‘ತೂಗುಕೋಲು’ ಎಂಬ ಹೆಸರು ತಮಗೇ ಭಾರವಾಗಿದೆಯೆಂದು ತಿಳಿದು, ಗಂಜಿ ಹಂಚಿ, ತಮ್ಮ ಹೆಸರನ್ನು ಬದಲಿಸುವುದಾಗಿ ಅಮ್ಮ ಹೇಳಿದ್ದಾರೆ. ಹೊಸ ಹೆಸರೂ ಆಗಲೇ ಗೊತ್ತುಮಾಡಿದ್ದಾರೆ; ಹಲಗೆಯ ಮೇಲೆ ಬರೆಯುವಂಥದ್ದಲ್ಲ.