ಬೀಗರಿಗೆ ನಮ್ಮ ಸೀಮೆ ತೋರಿಸಿದ್ದು

ಹೊರಗಿನವರು ಬಂದು ‘ನಿಮ್ಮ ಕಡೆ ನೋಡೋಕೆ ಏನಿದೆ?’ ಎಂದು ಕೇಳುವುದು, ಕೇಳಿ ಪೇಚಿಗೆ ಸಿಕ್ಕುವುದು ನಮ್ಮಲ್ಲಿ ನಡೆಯುತ್ತಲೇ ಇರುತ್ತದೆ. ಈ ಪ್ರಸಂಗದ ಮೊದಲೆರಡು ಭಾಗ ನನಗೆ ಹೇಳಿದವರು ವಾಡಿ ಸ್ಟೇಷನ್ ಮುಂದೆ ಜೀಪು ನಿಲ್ಲಿಸುವ ಚಾಚಾ. ಮೂರನೆಯದಕ್ಕೆ ನಾನೇ ಸಾಕ್ಷಿ.

ನನ್ನ ಮಗಳ ಮದುವೆ ಗೊತ್ತಾಗಿತ್ತು. ಹುಡುಗ ಸೇಡಂನ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರ; ತಂದೆತಾಯಿ ಮೈಸೂರು ಕಡೆಯವರು. ಮದುವೆ ಶಹಾಬಾದಿನ ನಮ್ಮ ಅಂಗಳದಲ್ಲಿ, ಮನೆದೇವರ ಎದುರೇ ಆಗಬೇಕೆಂದು ನನ್ನ ಆಸೆ. ಬೀಗರು ಫೋನಿನಲ್ಲಿ, “ನಿಮ್ಮಲ್ಲಿ ಬಿಸಿಲು, ಧೂಳು ಬಿಟ್ಟರೆ ಏನಿದೆ ಸ್ವಾಮಿ? ನಮ್ಮ ನೆಂಟರು ಅರಮನೆ ನೋಡಿ ಬೆಳೆದವರು. ಮದುವೆ ಇಲ್ಲೇ ಇಟ್ಟುಕೊಳ್ಳೋಣ” ಎಂದರು.

“ಒಮ್ಮೆ ಬಂದು ನೋಡ್ರಿ. ಮನಸ್ಸಿಗೆ ಬರಲಿಲ್ಲಂದ್ರ ನಿಮ್ಮ ಮಾತೇ ಆಗಲಿ” ಎಂದೆ.

ಅವರು ಬಂದ ದಿನ ಪೂಜೆ, ಅಡುಗೆಯ ಏರ್ಪಾಡಿಗೆ ನಾನು ಮನೆಯಲ್ಲೇ ಉಳಿದೆ. ನನ್ನ ಹೆಂಡತಿ ಚಾಚಾರ ಜೀಪಿನಲ್ಲಿ ಬೀಗರನ್ನೂ ಬೀಗಿತಿಯನ್ನೂ ನಮ್ಮ ಸೀಮೆ ತೋರಿಸಲು ಕರೆದುಕೊಂಡು ಹೊರಟಳು.

ಮಳಖೇಡದ ಚಹಾ

ಮಳಖೇಡದ ಕೋಟೆಬಾಗಿಲು ದಾಟಿ ಒಳಗೆ ನೋಡಿದರೆ ಮನೆಗಳು, ಒಣಹಾಕಿದ ಮೆಣಸಿನಕಾಯಿ, ಕಟ್ಟಿದ ಆಡು. “ಇದೇನ್ರೀ, ಕೋಟೆಯೊಳಗೆ ಜನ! ರಾಜರ ಅರಮನೆ ಎಲ್ಲಿ?” ಎಂದರು ಬೀಗರು.

ತೊಗರಿ ಕೇರುತ್ತಿದ್ದ ಮುದುಕಿ ತಲೆ ಎತ್ತಿದಳು. “ರಾಜರು ಹೋಗಿ ಭಾಳ ದಿನ ಆತಪ್ಪ. ಈಗ ನಾವೇ ಇದ್ದೀವಿ. ನಿಂತೇ ಮಾತಾಡ್ಲಾಕತ್ತೀರಲ್ಲ, ಕುಂದ್ರಿ, ಚಹಾ ಮಾಡ್ತೀನಿ.”

ಚಹಾ ಬಂತು, ಹಿಂದೆಯೇ ಒಗ್ಗರಣೆ ಚುರುಮುರಿ. ಬೀಗರು ಬಟ್ಟಲು ಕೆಳಗಿಡುವಾಗ ಮುದುಕಿ ಕೇಳಿದಳು: “ನಿಮ್ಮೂರ ಅರಮನ್ಯಾಗ ಹಿಂಗ ಕರದು ಚಹಾ ಕೊಡ್ತಾರೇನು?”

ಬೀಗರು ಯೋಚಿಸಿ ಹೇಳಿದರು: “ಇಲ್ಲಮ್ಮ. ಚಪ್ಪಲಿ ಹೊರಗೆ ಬಿಡಿಸ್ತಾರೆ, ಅಷ್ಟೇ.”

ಸನ್ನತಿಯ ರಾಣಿ

ಸನ್ನತಿಯಲ್ಲಿ ಚಂದ್ರಲಾಂಬೆಯ ದರ್ಶನ ಮುಗಿಸಿ ಹತ್ತಿರದ ಬೌದ್ಧ ಸ್ತೂಪದ ಜಾಗಕ್ಕೆ ಹೋದರು. ಕೆತ್ತಿದ ಕಲ್ಲು ಕಂಡದ್ದೇ ನನ್ನ ಹೆಂಡತಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು ಕೈಮುಗಿದಳು. ನಮ್ಮ ಸೀಮೆಯಲ್ಲಿ ಹಾಗೆಯೇ. ನೇಗಿಲಿಗೆ ತಾಗಿ ಹೊಲದಲ್ಲಿ ಎದ್ದ ಮೂರ್ತಿಗೂ ಮೊದಲು ನಮಸ್ಕಾರ, ವಿಚಾರಣೆ ಆಮೇಲೆ. ಬೀಗಿತಿಯೂ ಕೈಮುಗಿದು, “ಇದು ಯಾವ ದೇವರು?” ಎಂದರು.

ಕಾವಲುಗಾರ ನಕ್ಕ. “ದೇವರಲ್ರಿ ಯವ್ವ, ಹಳೇ ಕಾಲದ ಚಕ್ರವರ್ತಿ. ಬಾಜೂಕ ಇರಾಕಿ ರಾಣಿ.”

ಬೀಗರು ಗೇಲಿ ಮಾಡಲು ಬಾಯಿ ತೆರೆಯುವಷ್ಟರಲ್ಲಿ ನನ್ನವಳು ಅಂದಳು: “ರಾಜ ಆದ್ರ ಏನಾತ್ರಿ? ಇಷ್ಟು ವರ್ಷ ಆದ್ರೂ ಹೆಂಡತಿನ್ನ ಬಾಜೂಕೇ ನಿಂದ್ರಿಸಿಕೊಂಡಾನ. ನಮ್ಮನಿಯವರು ಫೋಟೋ ತೆಗೆಸೂಮುಂದ ನನ್ನ ಹಿಂದ ದೂಡ್ತಾರ. ಇಂಥವಗ ಕೈ ಮುಗದ್ರ ತಪ್ಪಿಲ್ಲ.”

ಬೀಗಿತಿ ಮತ್ತೊಮ್ಮೆ ಕೈಮುಗಿದರು, ಈ ಸಲ ಗಂಡನ ಮುಖ ನೋಡುತ್ತ. ಇದನ್ನು ಹೇಳುವಾಗ ಚಾಚಾ ನನ್ನ ಮುಖ ನೋಡಿದರು.

ಶಹಾಬಾದಿನ ನೆಲ

ಗಂಡಿನ ಕಡೆಯವರೆಂದರೆ ಗಾದಿಯಲ್ಲಿ ಉಬ್ಬು, ಲೋಡಿನಲ್ಲಿ ಕುಳಿ ಹುಡುಕುವವರು. ಅದಕ್ಕೇ ಓಣಿಯೆಲ್ಲ ತಿರುಗಿ ಒಳ್ಳೆಯ ಗಾದಿಗಳನ್ನು ತಂದು ಹಾಸಿದ್ದೆ. ಮಧ್ಯಾಹ್ನ ಮನೆಗೆ ಮರಳಿದ ಬೀಗರು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡರು. ಮದುವೆಯ ಮಾತು ಎತ್ತಲಿಲ್ಲ. “ಸಂಜೆ ವಾಡಿಯಿಂದ ರೈಲಿದೆ. ಊರಿಗೆ ಹೋಗಿ ತಿಳಿಸ್ತೀವಿ” ಎಂದರು. ‘ಊರಿಗೆ ಹೋಗಿ ತಿಳಿಸುವುದು’ ಎಂದರೇನೆಂದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ನಮ್ಮ ಮನೆಯ ನೆಲವೂ ಇದೇ ಊರಿನ ಫರಶಿ ಕಲ್ಲು, ಮೇಲೆ ಸೂರಿಗೆ ಹೊದಿಸಿದ್ದೂ ಅದೇ. ಹೊರಗೆ ಬೆಂಕಿಯಂಥ ಬಿಸಿಲು. ಬೀಗರು ಗಾದಿಯಂಚಿನಿಂದ ಒಂದು ಹಿಮ್ಮಡಿ ತಣ್ಣನೆಯ ನೆಲಕ್ಕೆ ತಾಗಿಸಿ “ಆಹಾ” ಎಂದರು. ಆಮೇಲೆ ಇನ್ನೊಂದು ಕಾಲು. ಆಮೇಲೆ ಬೆನ್ನು. “ಐದೇ ನಿಮಿಷ” ಎಂದು ಬರಿ ನೆಲಕ್ಕೆ ಹೊರಳಿದವರು ಗೊರಕೆ ಹೊಡೆಯತೊಡಗಿದರು. ಚಾಚಾ ಹಾರ್ನ್ ಹೊಡೆದರು. ಬೀಗಿತಿ ಭುಜ ಅಲುಗಾಡಿಸಿದರು. ನಾನು ಪೂಜೆಯ ಗಂಟೆಯನ್ನೂ ಬಾರಿಸಿದೆ. ರೈಲು ಹೋಯಿತು, ಬೀಗರು ಮಗ್ಗುಲು ಬದಲಿಸಿದರು.

ದೀಪ ಹಚ್ಚುವ ಹೊತ್ತಿಗೆ ಎದ್ದು ಕುಳಿತು, ನೆಲವನ್ನು ಒಮ್ಮೆ ಸವರಿ ಹೇಳಿದರು: “ಮದುವೆ ಇಲ್ಲೇ ಆಗಲಿ. ಆದರೆ ಒಂದು ಷರತ್ತು.”

ಶಿವನನ್ನು ನೆನೆದು “ಹೇಳ್ರಿ” ಎಂದೆ.

“ನಮ್ಮ ಕಡೆಯವರು ಎಷ್ಟೇ ಕೇಳಲಿ, ಗಾದಿ ಕೊಡಬೇಡಿ. ಬರೀ ನೆಲ ಕೊಡಿ.”

ಬಾಗಿಲಲ್ಲಿದ್ದ ಚಾಚಾ ಎರಡೂ ಕೈ ಮೇಲೆತ್ತಿದರು: “ಯಾ ಅಲ್ಲಾ! ಶರಣ್ರ, ಮಳಖೇಡದ ಕೋಟಿ ಬಿಡ್ರಿ, ಸನ್ನತಿ ಗುಡಿ ಬಿಡ್ರಿ. ಗಾದಿ ಬ್ಯಾಡ ಅನ್ನೋ ಬೀಗರು! ನಾಳಿಂದ ಜೀಪಿನಾಗ ಮಂದಿನ್ನ ಕರಕೊಂಡು ಬಂದು ಇವರನ್ನೇ ತೋರಿಸ್ತೀನಿ!”

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿರಿ. ಗಂಡು ಹೆತ್ತವರಿಗಂತೂ ತಪ್ಪದೆ ಹೇಳಿರಿ.